ಮನೆ ನಂಬರ್ ಇಲ್ಲದ ಅಜ್ಜನಿಗೆ ಸೂರು ಹುಡುಕಿದ ನಾಲ್ಕು ದಿನ

ಅಜ್ಜನನ್ನು ಆಶ್ರಯಧಾಮಕ್ಕೆ ಸೇರಿಸಿ ಮೂರು ವಾರ ಆಯಿತು. ಮೊನ್ನೆ ಹೋಗಿ ನೋಡಿಕೊಂಡೂ ಬಂದೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಯಾವ ಬಾಗಿಲಿಗೆ ಮೊದಲು ಹೋಗಬೇಕು ಅಂತ ನನಗೆ ಯಾರಾದರೂ ಹೇಳಿದ್ದರೆ ನಾಲ್ಕು ದಿನದ ಓಡಾಟ ಎರಡೇ ದಿನಕ್ಕೆ ಮುಗಿಯುತ್ತಿತ್ತು. ನಮ್ಮ ಕೊಡಗಿನ ಮಳೆಯಲ್ಲಿ ಆ ಎರಡು ದಿನ ಸಣ್ಣದಲ್ಲ.

ನನ್ನದು ಬಸ್ ನಿಲ್ದಾಣದ ಹತ್ತಿರ ಒಂದು ಹೊಲಿಗೆ ಅಂಗಡಿ. ಊರಿನ ಹೆಸರು ಬೇಡ. ಕೆಲವರು ನನ್ನನ್ನು ವಾಪಸ್ ಕಳಿಸಿದರು, ಅವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ.

ಕಕ್ಕಡ, ಅಂದರೆ ನಮ್ಮ ಕಡೆಯ ಜೋರು ಮಳೆಯ ತಿಂಗಳು ಶುರುವಾಗಿ ವಾರ ಆಗಿತ್ತು, ಪುಷ್ಯ ಮಳೆ ಹಿಡಿದಿತ್ತು. ಸೋಮವಾರ ಜಿಲ್ಲೆಗೆ ರೆಡ್ ಅಲರ್ಟ್ ಇತ್ತು. 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳಬಹುದು ಅನ್ನುವಾಗ ಕೊಡುವ ಎಚ್ಚರಿಕೆ ಅದು. ಶಾಲೆಗಳಿಗೆ ರಜೆ. ಕರೆಂಟ್ ಹಿಂದಿನ ದಿನವೇ ಹೋಗಿತ್ತು. ಆದರೂ ಕಾಲಲ್ಲಿ ತುಳಿಯುವ ಮೆಷಿನ್ ಇದೆಯಲ್ಲ ಅಂತ ಅಂಗಡಿ ತೆಗೆಯಲು ಹೋದೆ. ಶಟರಿನ ಕೆಳಗೆ ಅಜ್ಜ ಮಲಗಿದ್ದರು. ಮೈಮೇಲೆ ಪ್ಲಾಸ್ಟಿಕ್ ಕೊಪ್ಪೆ, ಅದರ ಒಳಗೆ ಪೂರ್ತಿ ಒದ್ದೆಯಾದ ಕಂಬಳಿ. ತಲೆಯ ಕೆಳಗೆ ಗೋಣಿಚೀಲದ ಗಂಟು.

ಅವರನ್ನು ನಾನು ಮೊದಲೇ ನೋಡಿದ್ದೆ. ಜೂನ್‌ನಿಂದ ಬಸ್ ತಂಗುದಾಣದಲ್ಲಿ ಮಲಗುತ್ತಿದ್ದರು. ಅಂಗಡಿ ತೆಗೆಯುವಾಗ ಒಮ್ಮೊಮ್ಮೆ ಚಹಾ ಕೊಡಿಸಿದ್ದೆ. ಅಷ್ಟಕ್ಕೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಗಾಳಿ ಜೋರಾದಾಗ ತಂಗುದಾಣಕ್ಕೆ ಇರಚಲು ಹೊಡೆಯುತ್ತದೆ, ಕೂರುವ ಕಲ್ಲಿನ ತನಕ ನೀರು ಬರುತ್ತದೆ. ಅದಕ್ಕೇ ರಾತ್ರಿ ಎದ್ದು ಇಲ್ಲಿಗೆ ಬಂದಿದ್ದರು.

"ಅಜ್ಜ, ಏಳಿ" ಅಂದೆ. ಕಣ್ಣು ಬಿಟ್ಟರು. ಮಾತು ತೊದಲುತ್ತಿತ್ತು. ಕೈ ಮುಟ್ಟಿದರೆ ಹಸಿ ಮಣ್ಣಿನ ಹಾಗೆ ತಣ್ಣಗಿತ್ತು.

ಇಲ್ಲಿ ಒಂದು ವಿಷಯ. ಚಳಿ ಹಿಡಿದವರಿಗೆ ಮೊದಲು ಒದ್ದೆ ಬಟ್ಟೆ ತೆಗೆಯಬೇಕು. ಒದ್ದೆ ಕಂಬಳಿಯ ಮೇಲೆ ಇನ್ನೊಂದು ಕಂಬಳಿ ಹೊದಿಸಿದರೆ ಉಪಯೋಗ ಇಲ್ಲ. ಎಚ್ಚರ ಇದ್ದು, ನುಂಗುವುದಕ್ಕೆ ಆಗುತ್ತಿದ್ದರೆ ಸಕ್ಕರೆ ಹಾಕಿದ ಬಿಸಿ ಚಹಾ ಕೊಡಬಹುದು. ಕೈಕಾಲು ತಿಕ್ಕಬಾರದು, ಬೆಂಕಿಯ ಪಕ್ಕಕ್ಕೆ ಎಳೆದು ಕೂರಿಸಬಾರದು. ನಮ್ಮ ಕಡೆ "ಒಂದು ಪೆಗ್ ಹಾಕಿದರೆ ಚಳಿ ಬಿಡುತ್ತದೆ" ಅನ್ನುತ್ತಾರೆ. ಅದು ತಪ್ಪು. ಕುಡಿದಾಗ ಮೈ ಬಿಸಿಯಾದ ಹಾಗೆ ಅನಿಸುತ್ತದೆ, ಆದರೆ ಒಳಗಿನ ಬಿಸಿ ಬೇಗ ಹೊರಗೆ ಹೋಗುತ್ತದೆ. ನಡುಗುತ್ತಿದ್ದವರು ಬೆಚ್ಚಗಾಗದೇ ನಡುಕ ನಿಲ್ಲಿಸಿ ಮಂಕಾದರೆ ಅದು ಅಪಾಯ. ಆಗ ಯೋಚನೆ ಮಾಡದೆ 108ಕ್ಕೆ ಫೋನ್ ಮಾಡಿ. ಇದನ್ನೆಲ್ಲ ಆಸ್ಪತ್ರೆಯ ನರ್ಸಮ್ಮ ನನಗೆ ಹೇಳಿದ್ದು ಮರುದಿನ. ಸೋಮವಾರ ನಾನು ಅಜ್ಜನ ಕೈ ತಿಕ್ಕುತ್ತಾ ಕೂತಿದ್ದೆ.

ನನ್ನ ಗಂಡನ ಪಂಚೆ, ಹಳೆಯ ಸ್ವೆಟರ್ ತರಿಸಿ ಹಾಕಿದೆವು. ಎರಡು ಲೋಟ ಚಹಾ ಕುಡಿದ ಮೇಲೆ ಮಾತು ಸರಿ ಬಂತು. ಪಿರಿಯಾಪಟ್ಟಣದ ಕಡೆಯವರು. ಚಿಕ್ಕಂದಿನಿಂದ ಕಾಫಿ ತೋಟದ ಕೆಲಸ. ಮರಗಸಿ ಮಾಡುತ್ತಿದ್ದರು, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ಕಾಲು ಸೋತ ಮೇಲೆ ಮರ ಹತ್ತಲು ಆಗಲಿಲ್ಲ. ಕೆಲಸ ಇಲ್ಲದಿದ್ದರೆ ತೋಟದವರು ಕೆಲಸಗಾರರಿಗೆ ಕೊಡುವ ಲೈನ್ ಮನೆಯೂ ಇಲ್ಲ. ಹೆಂಡತಿ ತೀರಿಕೊಂಡು ತುಂಬಾ ವರ್ಷ ಆಗಿದೆ. ಊರಲ್ಲಿ ತಮ್ಮನ ಮಗ ಇದ್ದಾನೆ, "ಅವ್ನ ಪಾಡು ಅವ್ನಿಗೇ ಆಗಿದೆ ಕಣವ್ವ" ಅಂದರು.

ನನಗೆ ತಕ್ಷಣ ನೆನಪಾಗಿದ್ದು ಕಾಳಜಿ ಕೇಂದ್ರ, ಅಂದರೆ ಮಳೆ, ನೆರೆ ಬಂದಾಗ ಜನ ತಂಗಲು ಸರ್ಕಾರ ತೆರೆಯುವ ಜಾಗ. ಅದಕ್ಕೆ ಕಾರಣ ಇದೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿದಾಗ ಕರಡಿಗೋಡು, ನೆಲ್ಯಹುದಿಕೇರಿ, ಕುಶಾಲನಗರದ ಬಡಾವಣೆಗಳು ಅಂತ ಎಷ್ಟೋ ಕಡೆ ಮನೆಗಳಿಗೆ ನೀರು ನುಗ್ಗಿತು. ಅದರಲ್ಲಿ ನಮ್ಮದೂ ಒಂದು. ಹನ್ನೊಂದು ದಿನ ನಾವು ಶಾಲೆಯಲ್ಲಿದ್ದೆವು. ಆಗ ಜನ ಗಂಜಿ ಕೇಂದ್ರ ಅನ್ನುತ್ತಿದ್ದರು. ಚಾಪೆ, ಹೊದಿಕೆ, ಮೂರು ಹೊತ್ತು ಊಟ, ದಿನಕ್ಕೊಮ್ಮೆ ಡಾಕ್ಟರ್. ಆಮೇಲೆ 10,000 ರೂಪಾಯಿ ತುರ್ತು ಪರಿಹಾರವೂ ಬಂತು. ಆ ಋಣ ನನ್ನ ಮನಸ್ಸಿನಲ್ಲಿ ಹಾಗೇ ಇದೆ. ಹಾಗಾಗಿ ಅಜ್ಜನಿಗೂ ಅಲ್ಲೇ ಜಾಗ ಸಿಗುತ್ತದೆ ಅಂತ ಒಂದು ಚೂರೂ ಅನುಮಾನ ಇಲ್ಲದೆ 1077ಕ್ಕೆ ಫೋನ್ ಮಾಡಿದೆ. ಜಿಲ್ಲೆಯ ವಿಪತ್ತು ಸಹಾಯವಾಣಿ ಅದು. ಹತ್ತಿರದಲ್ಲಿ ಎಲ್ಲಿ ಕೇಂದ್ರ ತೆರೆದಿದೆ ಅಂತ ಹೇಳಿದರು. ಆಟೋ ಮಾಡಿಕೊಂಡು ಹೋದೆವು.

ಅಲ್ಲಿ ಮೇಜಿನ ಹಿಂದೆ ಇದ್ದವರು ರಿಜಿಸ್ಟರ್ ತೆಗೆದರು. ಹೆಸರು, ವಯಸ್ಸು ಬರೆದರು. ಮುಂದಿನ ಕಾಲಂ ಮನೆ ನಂಬರ್.

"ಮನೆ ಇಲ್ಲ ಸಾರ್. ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಾರೆ."

"ಮನೆಗೆ ನೀರು ನುಗ್ಗಿದವರಿಗೆ, ಗುಡ್ಡ ಕುಸಿಯುವ ಜಾಗದವರಿಗೆ ಇದು. ಲಿಸ್ಟ್ ಮೇಲೆ ಕಳಿಸಬೇಕಮ್ಮ. ನಂಬರ್ ಇಲ್ಲದೆ ಹೇಗೆ ಬರೆಯಲಿ?"

ಅವರು ಕೆಟ್ಟವರಲ್ಲ. ಅಜ್ಜನಿಗೆ ಅನ್ನ ಸಾರು ಹಾಕಿಸಿದರು. ಆದರೆ ಮಲಗುವುದಕ್ಕೆ ಜಾಗ ಕೊಡಲಿಲ್ಲ. ಅರ್ಧ ಗಂಟೆ ಕೇಳಿಕೊಂಡೆ. ಅಲ್ಲೇ ಒಂದು ಮೂಲೆಯಲ್ಲಿ ಚಾಪೆಗಳು ಸುರುಳಿ ಸುತ್ತಿ ಇದ್ದವು. ಎಂಟು ಚಾಪೆ. ನಾನು ಎಣಿಸಿದ್ದೆ. 2019ರಲ್ಲಿ ನನಗೆ ಚಾಪೆ ಸಿಕ್ಕಿದ್ದು ನನಗೆ ಮನೆ ಇದ್ದದ್ದರಿಂದ ಅಂತ ಆವತ್ತು ಅರ್ಥವಾಯಿತು. ಕಳೆದುಕೊಳ್ಳಲು ಏನೂ ಇಲ್ಲದವರ ಹೆಸರು ಆ ಪುಸ್ತಕದಲ್ಲಿ ಎಲ್ಲಿ ಬರೆಯಬೇಕೋ ಯಾರಿಗೂ ಗೊತ್ತಿರಲಿಲ್ಲ. ವಾಪಸ್ ಬರುವಾಗ ಆಟೋದಲ್ಲಿ ಅಜ್ಜನ ಮುಖ ನೋಡಲು ನನಗೆ ಆಗಲಿಲ್ಲ.

ಆ ರಾತ್ರಿ ಅಂಗಡಿಯಲ್ಲೇ ಮಲಗಿಸಿದೆವು. ಕಟಿಂಗ್ ಟೇಬಲಿನ ಕೆಳಗೆ ಬಟ್ಟೆ ತುಂಡುಗಳನ್ನು ದಪ್ಪಗೆ ಹಾಸಿ, ಮೇಲೆ ಚಾಪೆ. ಕಟ್ಟಡದ ಮಾಲೀಕರು "ಒಂದು ರಾತ್ರಿ ಅಂದರೆ ಒಂದೇ ರಾತ್ರಿ" ಅಂದರು. ನೀವು ಹೀಗೆ ಯಾರನ್ನಾದರೂ ಒಳಗೆ ಮಲಗಿಸಿದರೆ ದಯವಿಟ್ಟು ಹೊರಗಿನಿಂದ ಬೀಗ ಹಾಕಬೇಡಿ, ಒಳಗೆ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಗಾಳಿಯಾಡದ ಕೋಣೆಯಲ್ಲಿ ಇದ್ದಿಲ ಹೊಗೆ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ನನ್ನ ಗಂಡ ಜೊತೆಗೆ ಮಲಗಿದರು. ರಾತ್ರಿಯಿಡೀ ಅಜ್ಜ ಕೆಮ್ಮುತ್ತಿದ್ದರಂತೆ.

ಮಂಗಳವಾರ ಬೆಳಗ್ಗೆ ಮೈ ಸುಡುತ್ತಿತ್ತು. ಬಲಗಾಲಿನ ಬೆರಳ ಸಂದಿಯಲ್ಲಿ ಹುಣ್ಣು, ಮೊಣಕಾಲಿನ ಕೆಳಗೆ ಜಿಗಣೆ ಕಚ್ಚಿದ ಗಾಯಗಳು ಕೀವು ಕಟ್ಟಿದ್ದವು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಧಾರ್ ಇಲ್ಲದೆ ಚೀಟಿ ಮಾಡುತ್ತಾರೋ ಇಲ್ಲವೋ ಅಂತ ಹೆದರಿದ್ದೆ. ಹೆಸರು, ವಯಸ್ಸು ಕೇಳಿ ಬರೆದುಕೊಟ್ಟರು, ಅಷ್ಟೇ. ಗುರುತಿನ ಚೀಟಿ ಇಲ್ಲ ಅಂತ ಆಸ್ಪತ್ರೆಗೆ ಹೋಗಲು ಹಿಂಜರಿಯಬೇಡಿ.

ಡಾಕ್ಟರಮ್ಮ ಮೊದಲು ಕೇಳಿದ್ದು, ನಿಂತ ನೀರಲ್ಲಿ ಬರಿಗಾಲಲ್ಲಿ ಓಡಾಡಿದ್ದಾರಾ ಅಂತ. ಇಲಿ ಜ್ವರದ ಅನುಮಾನ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಗಾಯದ ಮೂಲಕ ಒಳಗೆ ಹೋದರೆ ಬರುವ ಜ್ವರ ಅದು. ಮಳೆಗಾಲದಲ್ಲಿ ಬೀದಿಯಲ್ಲಿ ಮಲಗುವವರಿಗೆ ಇದರ ಭಯ ಜಾಸ್ತಿ. ರಕ್ತ ತೆಗೆದರು, ದಾಖಲು ಮಾಡಿಕೊಂಡರು. ಜೊತೆಗೆ ಒಬ್ಬರು ಇರಬೇಕು ಅಂದರು. ಹಗಲು ನಾನು, ರಾತ್ರಿ ನನ್ನ ಗಂಡ. ಫಾರಂನಲ್ಲಿ "ಸಂಬಂಧ" ಅಂತ ಒಂದು ಕಡೆ ಇತ್ತು. ಏನು ಬರೆಯಬೇಕು ಅಂತ ಪೆನ್ನು ಹಿಡಿದು ನಿಂತೆ. ಕೊನೆಗೆ "ಪರಿಚಯದವರು" ಅಂತ ಬರೆದೆ.

ಬುಧವಾರ ಇಲಿ ಜ್ವರ ಅಲ್ಲ ಅಂತ ಗೊತ್ತಾಯಿತು. ಜ್ವರ ಇಳಿದಿತ್ತು. ಗುರುವಾರ ಬೆಳಗ್ಗೆ ಮನೆಗೆ ಹೋಗಬಹುದು ಅಂದರು. ಮನೆಗೆ! ಒಳ್ಳೆಯ ಸುದ್ದಿ ಕೇಳಿ ನನ್ನ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಕೈಯಲ್ಲಿ ಇರುವುದು ಒಂದೇ ದಿನ.

ಮೊಬೈಲ್ ಚಾರ್ಜ್ ಇಲ್ಲ. ಜನರೇಟರ್ ಇದ್ದ ಪೆಟ್ರೋಲ್ ಬಂಕಿನಲ್ಲಿ ಚಾರ್ಜ್ ಹಾಕಿಸಿಕೊಂಡು ಅಲ್ಲೇ ನಿಂತು ಫೋನ್ ಮಾಡಲು ಶುರು ಮಾಡಿದೆ. ಮೊದಲ ಆಶ್ರಮ ತುಂಬಿತ್ತು. ಎರಡನೆಯದು ಹೆಂಗಸರಿಗೆ ಮಾತ್ರ. ಮೂರನೆಯ ಕಡೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೇಳಿದರು. ಆಮೇಲೆ 14567ಕ್ಕೆ ಮಾಡಿದೆ. 60 ದಾಟಿದವರಿಗಾಗಿ ಇರುವ ಸಹಾಯವಾಣಿ ಅದು, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಎಲ್ಲ ದಿನವೂ ಇರುತ್ತದೆ, ದುಡ್ಡಿಲ್ಲ. ಅಲ್ಲಿಯ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡಳು. ಎರಡು ನಂಬರ್ ಕೊಟ್ಟಳು. ಅದರಲ್ಲಿ ಒಂದು, ಟ್ರಸ್ಟ್ ನಡೆಸುವ ಆಶ್ರಯಧಾಮ. ನಮ್ಮಿಂದ ಗುಡ್ಡ ಹತ್ತಿ ಇಳಿದು ಒಂದೂವರೆ ಗಂಟೆಯ ದಾರಿ.

ಅಲ್ಲಿಯ ಮ್ಯಾನೇಜರ್ ಅಣ್ಣ ಕೇಳಿದ್ದು ಮೂರೇ. "ಡಾಕ್ಟರ್ ಚೀಟಿ ಇದೆಯಾ ಅಕ್ಕ? ಪೊಲೀಸ್ ಪತ್ರ ಇದೆಯಾ? ಅವರಿಗೆ ಬರುವುದಕ್ಕೆ ಮನಸ್ಸಿದೆಯಾ?"

ಮೂರನೆಯದನ್ನು ಕೇಳಿದಾಗ ನನಗೆ ನಾಚಿಕೆಯಾಯಿತು. ಮೂರು ದಿನದಿಂದ ಊರೆಲ್ಲ ಓಡಾಡುತ್ತಿದ್ದೇನೆ, ಅಜ್ಜನನ್ನು ಒಂದು ಮಾತು ಕೇಳಿಲ್ಲ. ಓಡಿ ಹೋಗಿ ಕೇಳಿದೆ.

"ನಾನು ಎಲ್ಗೂ ಬರಕ್ಕಿಲ್ಲ ಕಣವ್ವ. ಅಲ್ಲಿ ಕೂಡಾಕ್ತಾರೆ. ಹಿಂದೆ ಒಬ್ಬನ್ನ ವ್ಯಾನಲ್ಲಿ ತುಂಬ್ಕೊಂಡ್ ಹೋದ್ರು, ತಿರ್ಗಿ ಬರ್ಲೇ ಇಲ್ಲ."

ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಅದರಂತೆ ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುತ್ತಾರೆ. ಬೀದಿಯಲ್ಲಿ ಮಲಗುವವರು ಆ ವ್ಯಾನಿನ ಕಥೆಯನ್ನು ಒಬ್ಬರಿಂದ ಒಬ್ಬರು ಕೇಳಿರುತ್ತಾರೆ. ನಾನು ವಾದ ಮಾಡಲಿಲ್ಲ. ಮ್ಯಾನೇಜರ್ ಅಣ್ಣನಿಗೆ ಫೋನ್ ಹಚ್ಚಿ ಅಜ್ಜನ ಕಿವಿಗೆ ಹಿಡಿದೆ. ಗೇಟಿಗೆ ಬೀಗ ಇದೆಯಾ, ಬೀಡಿ ಸೇದಬಹುದಾ, ಮಳೆ ಬಿಟ್ಟ ಮೇಲೆ ಹೋಗುತ್ತೇನೆ ಅಂದರೆ ಬಿಡುತ್ತೀರಾ. ಅಜ್ಜ ಒಂದೊಂದಾಗಿ ಕೇಳಿದರು. ಬೀಡಿಗೆ ಮ್ಯಾನೇಜರ್ ಅಣ್ಣ ಇಲ್ಲ ಅಂದರು, ಉಳಿದದ್ದಕ್ಕೆ ಅಜ್ಜನಿಗೆ ಒಪ್ಪುವ ಉತ್ತರ ಕೊಟ್ಟರು. "ಮಳೆ ನಿಲ್ಲೋಗಂಟ" ಅಂದರು ಅಜ್ಜ. ನನಗೆ ಅಷ್ಟು ಸಾಕಾಗಿತ್ತು.

ನೀವು ಯಾರಿಗಾದರೂ ಸಹಾಯಕ್ಕೆ ಹೊರಟರೆ ಮೊದಲ ದಿನವೇ ಇದನ್ನು ಕೇಳಿ. ಅವರು ಒಪ್ಪದಿದ್ದರೆ ಉಳಿದ ಕಾಗದ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಇನ್ನು ಪೊಲೀಸ್ ಪತ್ರ. ಠಾಣೆಗೆ ಹೋಗಲು ನನಗೂ ಅಳುಕಿತ್ತು. ನಾಳೆ ಅಜ್ಜನಿಗೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದಾ? ಬರುವುದಿಲ್ಲ. ನಾವು ಮಾಹಿತಿ ಕೊಟ್ಟವರು ಮಾತ್ರ ಅಂತ ಅಲ್ಲಿಯ ಸಾಹೇಬರೇ ಬಿಡಿಸಿ ಹೇಳಿದರು. ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಬೇಕು. ಯಾರನ್ನು, ಯಾವತ್ತು, ಎಲ್ಲಿ ನೋಡಿದೆವು, ಅವರು ಹೇಳಿದ ಊರು ಯಾವುದು, ಯಾವ ಆಶ್ರಯಧಾಮಕ್ಕೆ ಸೇರಿಸುತ್ತೇವೆ ಅಂತ. ಅದರ ಜೊತೆ ಅಜ್ಜನ ಎರಡು ಫೋಟೋ, ಆಸ್ಪತ್ರೆ ಚೀಟಿಯ ನಕಲು, ನನ್ನ ಆಧಾರ್ ನಕಲು. ಕಾಣೆಯಾದವರ ಪಟ್ಟಿಯಲ್ಲಿ ಇದ್ದಾರಾ ಅಂತ ಅವರು ನೋಡುತ್ತಾರೆ, ಡೈರಿಯಲ್ಲಿ ಬರೆದುಕೊಳ್ಳುತ್ತಾರೆ, ಆಮೇಲೆ ಪತ್ರ.

ಇಷ್ಟೇ ಕೆಲಸಕ್ಕೆ ಇಡೀ ಮಧ್ಯಾಹ್ನ ಹೋಯಿತು. ಕರೆಂಟ್ ಇಲ್ಲದ ಊರಲ್ಲಿ ಜೆರಾಕ್ಸ್ ಎಲ್ಲಿ ಮಾಡಿಸುವುದು? ಫೋಟೋ ಎಲ್ಲಿ ತೆಗೆಸುವುದು? ಮೂರು ಅಂಗಡಿ ಸುತ್ತಿದೆ. ಕೊನೆಗೆ ಒಂದು ಸ್ಟುಡಿಯೋದಲ್ಲಿ ಇನ್ವರ್ಟರ್ ಉಸಿರು ಹಿಡಿದುಕೊಂಡಿತ್ತು. ಮೊಬೈಲಿನಲ್ಲಿ ತೆಗೆದ ಫೋಟೋವನ್ನೇ ಪ್ರಿಂಟ್ ಹಾಕಿಕೊಟ್ಟರು. ನಕಲು, ಫೋಟೋ ಎಲ್ಲ ಸೇರಿ 120 ರೂಪಾಯಿ. ಠಾಣೆಗೆ ಬಂದರೆ ರಸ್ತೆಗೆ ಮರ ಬಿದ್ದಿದೆ ಅಂತ ಎಲ್ಲರೂ ಅಲ್ಲಿಗೆ ಹೋಗಿದ್ದರು. ಮೂರು ಗಂಟೆ ಬೆಂಚಿನ ಮೇಲೆ ಕೂತೆ. ನನ್ನ ಸೆರಗಿನಿಂದ ನೀರು ಇಳಿದು ನೆಲದ ಮೇಲೆ ನಿಂತಿತ್ತು. ಮಳೆಯಲ್ಲಿ ನೆನೆದ ಕಂಬದ ಹಾಗೆ ಬಂದ ಪೇದೆಯೊಬ್ಬರು ಟೋಪಿ ತೆಗೆದಿಟ್ಟು ಕೂತ ತಕ್ಷಣ ನನ್ನ ಅರ್ಜಿಯನ್ನೇ ಮೊದಲು ತೆಗೆದುಕೊಂಡರು. ಅವರು ಆಮೇಲೆ ತಮ್ಮನ ಮಗನ ಊರಿನ ಠಾಣೆಗೂ ಫೋನ್ ಮಾಡಿ ಹೇಳಿದರು. ಪತ್ರ ಕೈಗೆ ಬಂದಾಗ ಏಳು ಗಂಟೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರವಿಕೆಯೊಳಗೆ ಇಟ್ಟುಕೊಂಡೆ.

ನೀವು ನೋಡಿದ ವ್ಯಕ್ತಿ ಮಾನಸಿಕ ಅಸ್ವಸ್ಥರಾಗಿ ಅಲೆಯುತ್ತಿದ್ದರೆ ದಾರಿ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 100ರಂತೆ ಅವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಇದನ್ನು ತಿಳಿದುಕೊಂಡು ಹೋದರೆ ಮಾತಾಡಲು ಧೈರ್ಯ ಬರುತ್ತದೆ.

ಗುರುವಾರ ಡಿಸ್ಚಾರ್ಜ್ ಆಗುವಾಗ ಹತ್ತು ಗಂಟೆ. ಮುಖ್ಯ ರಸ್ತೆಯಲ್ಲಿ ಬರೆ, ಅಂದರೆ ಪಕ್ಕದ ಮಣ್ಣಿನ ದಿಬ್ಬ ಜರಿದು ಬಸ್ ನಿಂತಿತ್ತು. ಒಳದಾರಿಯಲ್ಲಿ ಹೋಗಲು ಒಂದು ಜೀಪ್ ಒಪ್ಪಿತು. ಹೋಗಿ ಬರಲು 1,800 ರೂಪಾಯಿ. ಒಂದೂವರೆ ಗಂಟೆಯ ದಾರಿಗೆ ಮೂರೂವರೆ ಗಂಟೆ ಹಿಡಿಯಿತು. ಅಜ್ಜ ಕಿಟಕಿಯ ಪಕ್ಕ ಕೂತು ತೋಟಗಳನ್ನು ನೋಡುತ್ತಿದ್ದರು. "ಈ ಮರ ಸರಿಯಾಗಿ ಕಸಿ ಮಾಡಿಲ್ಲ, ನೆರಳು ಜಾಸ್ತಿ ಆಗಿದೆ, ಕಾಯಿ ಉದುರ್ತದೆ" ಅಂತ ಒಂದು ಕಡೆ ಹೇಳಿದರು. ಇಡೀ ದಾರಿಯಲ್ಲಿ ಆಡಿದ್ದು ಅದೊಂದೇ ಮಾತು.

ಆಶ್ರಯಧಾಮದಲ್ಲಿ ಮೊದಲು ಬಿಸಿನೀರಿನ ಸ್ನಾನ, ಕ್ಷೌರ. ಆಮೇಲೆ ಗಂಟು ಬಿಚ್ಚಿ ನೋಡುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಗಂಟಿನಲ್ಲಿ ಎರಡು ಅಂಗಿ, ಒಂದು ತಟ್ಟೆ, ಹೆಂಡತಿಯ ಫೋಟೋ, ಮತ್ತು ಚಿಂದಿ ಸುತ್ತಿದ ಮರಗಸಿ ಕತ್ತಿ. ಕತ್ತಿಯನ್ನು ಒಳಗೆ ಬಿಡುವುದಿಲ್ಲ ಅಂದರು. ಅಲ್ಲಿ ನಲವತ್ತಕ್ಕೂ ಜಾಸ್ತಿ ಜನ ಇದ್ದಾರೆ, ಅವರು ಹೇಳಿದ್ದು ನ್ಯಾಯವೇ. ಆದರೆ ಅಜ್ಜ ಕತ್ತಿಯನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. "ಇದ್ ಬುಟ್ಟು ನಾನ್ ಒಳಕ್ಕೆ ಬರಕ್ಕಿಲ್ಲ." ನಾಲ್ಕು ದಿನದ ಓಡಾಟ ಆ ಬಾಗಿಲಲ್ಲಿ ಮುಗಿದುಹೋಗುತ್ತದೆ ಅನಿಸಿತು. ನನಗೆ ಅಳು ಬಂತು. ಅವರ ಮುಂದೆಯೇ ಅತ್ತೆ. ಅಜ್ಜ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಕತ್ತಿಯನ್ನು ನನ್ನ ಕೈಗೆ ಕೊಟ್ಟರು. "ನಿನ್ ಅಂಗ್ಡೀಲಿ ಮಡಿಕ್ಕೊ. ತುಕ್ ಹಿಡೀಬಾರ್ದು."

ಕಂಬಳಿ, ಔಷಧಿ, ಆಟೋ, ಜೀಪ್, ಊಟ ಎಲ್ಲ ಸೇರಿ ನಮಗೆ 3,550 ರೂಪಾಯಿ ಖರ್ಚಾಯಿತು. ಅದರಲ್ಲಿ 1,000 ರೂಪಾಯಿಯನ್ನು ಆಟೋ ಸ್ಟ್ಯಾಂಡಿನವರು ಒಟ್ಟು ಮಾಡಿ ಕೊಟ್ಟರು. ನಾಲ್ಕು ದಿನದ ಹೊಲಿಗೆ ನಿಂತದ್ದು ಬೇರೆ.

ಮ್ಯಾನೇಜರ್ ಅಣ್ಣ ಆವತ್ತು ಒಂದು ವಿಷಯ ಹೇಳಿದರು, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. 2010ರಲ್ಲಿ ದೆಹಲಿಯ ಚಳಿಯಲ್ಲಿ ಬೀದಿಯವರ ಕಷ್ಟ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯ ಮನೆ ಇರಬೇಕು ಅಂತ ಆದೇಶವಾಯಿತಂತೆ. ಆಮೇಲೆ ಬಂದ ನಗರ ವಸತಿರಹಿತರ ಯೋಜನೆಯಲ್ಲೂ ಅದೇ ಲೆಕ್ಕ ಇತ್ತು. ನಮ್ಮ ಜಿಲ್ಲೆಯಲ್ಲಿ ಲಕ್ಷ ಜನ ಇರುವ ಊರೇ ಇಲ್ಲ. 2011ರ ಜನಗಣತಿಯಲ್ಲಿ ಮಡಿಕೇರಿಯಲ್ಲೇ ಸುಮಾರು 33 ಸಾವಿರ. ಲೆಕ್ಕ ಹಾಕಿದ್ದು ದೊಡ್ಡ ಊರಿನ ಚಳಿಗೆ. ತಿಂಗಳುಗಟ್ಟಲೆ ಸುರಿಯುವ ನಮ್ಮ ಮಳೆಗೆ, ಸಣ್ಣ ಪೇಟೆಯ ಬಸ್ ನಿಲ್ದಾಣದಲ್ಲಿ ಮಲಗುವ ಒಬ್ಬರು ಇಬ್ಬರಿಗೆ ಆ ಲೆಕ್ಕ ಹೊಂದುವುದಿಲ್ಲ. ಅವರಿಗೆ ದೊಡ್ಡ ಕಟ್ಟಡವೂ ಬೇಡ. ಹೇಗೂ ತೆರೆಯುವ ಕಾಳಜಿ ಕೇಂದ್ರದಲ್ಲಿ ಎರಡು ಚಾಪೆ ಸಾಕು, ಅಲ್ವಾ? ಮನೆ ನಂಬರ್ ಕಾಲಂನಲ್ಲಿ "ಬಸ್ ನಿಲ್ದಾಣ" ಅಂತ ಬರೆದರೂ ಸೇರಿಸಿಕೊಳ್ಳಬೇಕು ಅಂತ ನಾವು ಹದಿನಾಲ್ಕು ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಸ್ವೀಕೃತಿ ಸಿಕ್ಕಿದೆ, ಉತ್ತರ ಬಂದಿಲ್ಲ. ನಿಮ್ಮ ಊರಲ್ಲೂ ಕೊಡಿ. ಮೇ ತಿಂಗಳಲ್ಲೇ ಕೊಡಿ. ಬೀದಿಯಲ್ಲಿ ಮಲಗುವವರು ಗೊತ್ತಿದ್ದರೆ ಅವರ ಫೋಟೋ, ಹೇಳಿದ ಹೆಸರು, ಊರು ಬರೆದು ನಕಲು ತೆಗೆದಿಟ್ಟುಕೊಳ್ಳಿ. ಅಲರ್ಟ್ ಬಂದ ದಿನ ಜೆರಾಕ್ಸ್ ಅಂಗಡಿ ಇರುವುದಿಲ್ಲ.

ಮೊನ್ನೆ ಭಾನುವಾರ ಹೋದಾಗ ಅಜ್ಜ ಜಗಲಿಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದರು. ಕಾಲಿನ ಹುಣ್ಣು ಒಣಗಿದೆ. ಆಧಾರ್ ಹುಡುಕಲು ಹೋದಾಗ ಬೆರಳು ಹತ್ತಲಿಲ್ಲವಂತೆ. ಅಷ್ಟು ವರ್ಷ ಮರ ಹತ್ತಿ ಗೆರೆಗಳೇ ಸವೆದಿವೆ. ಇನ್ನೊಮ್ಮೆ ಕಣ್ಣು ಸ್ಕ್ಯಾನ್ ಮಾಡಿಸಿ ನೋಡುತ್ತಾರೆ. ತಮ್ಮನ ಮಗ ಒಮ್ಮೆ ಫೋನ್ ಮಾಡಿದ್ದಾನೆ. ಬರುತ್ತೇನೆ ಅಂದಿದ್ದಾನೆ, ಬಂದಿಲ್ಲ.

ನನ್ನನ್ನು ನೋಡಿದ ಕೂಡಲೇ ಕೇಳಿದ್ದು ಕತ್ತಿಯ ಬಗ್ಗೆ.

"ಹೊಲಿಗೆ ಮೆಷಿನ್ ಎಣ್ಣೆ ಹಾಕಿ ಒರೆಸಿ ಇಟ್ಟಿದ್ದೇನೆ ಅಜ್ಜ. ವಾರಕ್ಕೊಮ್ಮೆ ಒರೆಸುತ್ತೇನೆ" ಅಂದೆ.

"ಜಾಸ್ತಿ ಎಣ್ಣೆ ಬ್ಯಾಡ" ಅಂದರು. "ಹಿಡಿ ಜಾರ್ತದೆ."